ವರದಕ್ಷಿಣೆ

ಸಾಂತಾಕ್ರೂಜ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಬಾಡಿಗೆ ಹಾಲ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಒಂದು ಬಗೆಯ ವರ ಇಳಿಯುತ್ತದೆ, ಸಂಜೆ ಇನ್ನೊಂದು ಬಗೆಯದು. ಬೆಳಗಿನದು ಪವಿತ್ರಾತ್ಮನ ವರ, ಮೇಲಿನಿಂದ ಇಳಿಯುವಂಥದು. ಸಂಜೆಯದು ಸೂಟು ಹಾಕಿಕೊಂಡು ಕಾರಿನಿಂದ ಇಳಿಯುತ್ತದೆ. ಹಾಲಿನ ಮ್ಯಾನೇಜರ್ ಎರಡಕ್ಕೂ ಒಂದೇ ಡಿಪಾಸಿಟ್ ತೆಗೆದುಕೊಳ್ಳುತ್ತಾನೆ. ಅವನಷ್ಟು ಸಮದರ್ಶಿಯನ್ನು ನಾನು ಯಾವ ಧರ್ಮದಲ್ಲೂ ಕಂಡಿಲ್ಲ.

ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಆಂಟಿ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. “ನೀನು ಬರೀ ಚರ್ಚಿನ ಪೂಜೆಗೆ ಹೋಗಿ ಬಂದ್ರೆ ಆಗ್ಲಿಕ್ಕಿಲ್ಲ ಮಗಾ, ವರ ಬೇಕು” ಅಂದರು. ನಾನೇ ವರನಾಗಿ ಮೂವತ್ತು ವರ್ಷ ಕಳೆದಿದೆ ಅಂದೆ. ಅವರಿಗೆ ನಗು ಬರಲಿಲ್ಲ.

ಬಾಗಿಲಲ್ಲೇ ಒಂದು ಫಾರ್ಮ್ ಕೈಗೆ ಬಂತು. ನಿಮ್ಮ ಆತ್ಮಿಕ ವರ ಯಾವುದೆಂದು ಕಂಡುಹಿಡಿಯುವ ಪ್ರಶ್ನಾವಳಿ. ಅಮೆರಿಕದಲ್ಲಿ 1970ರ ದಶಕದಲ್ಲಿ ಹುಟ್ಟಿದ ಈ ಪದ್ಧತಿ ನಮ್ಮ ಕಡೆಗೂ ಬಂದಿದೆ. ದೇವರು ಏನು ಕೊಟ್ಟಿದ್ದಾನೆಂದು ತಿಳಿಯಲು ಈಗ ಪೆನ್ನು ಸಾಕು. ‘ನಾನು ಪ್ರಾರ್ಥಿಸಿದಾಗ ಜನರ ತಲೆನೋವು ಹೋಗುತ್ತದೆ: ಯಾವಾಗಲೂ, ಆಗಾಗ, ಎಂದೂ ಇಲ್ಲ.’ ನನ್ನ ಹೆಂಡತಿಯನ್ನು ಕೇಳಿದರೆ ತಲೆನೋವು ಬರುವುದೇ ನನ್ನಿಂದ. ಆ ಕಾಲಂ ಅಲ್ಲಿರಲಿಲ್ಲ. ‘ನಾಳೆ ನಡೆಯುವುದು ನನಗೆ ಇಂದೇ ತಿಳಿಯುತ್ತದೆ.’ ವೆಸ್ಟರ್ನ್ ಲೈನಿನಲ್ಲಿ ದಿನಾ ಓಡಾಡುವವನಿಗೆ ತಿಳಿಯದೆ ಇರುತ್ತದೆಯೇ? ಆದರೂ ವಿನಯದಿಂದ ‘ಆಗಾಗ’ಕ್ಕೆ ಗುರುತು ಹಾಕಿದೆ. ಕೊನೆಯಲ್ಲೆಲ್ಲೋ ಒಂದು ಪ್ರಶ್ನೆ: ‘ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡಬೇಕು ಎಂದು ನನಗೆ ಅನಿಸುತ್ತದೆ.’ ಅನಿಸುತ್ತದೆ, ಏನು ಮಾಡುವುದು. ‘ಯಾವಾಗಲೂ’ ಎಂದು ಬರೆದೆ. ಅಲ್ಲೇ ನಾನು ಕೆಟ್ಟೆ.

ಕ್ಯಾಲ್ಕುಲೇಟರ್ ಹಿಡಿದ ಹುಡುಗಿ ಒಟ್ಟು ಹಾಕಿ, ಎಕ್ಸ್‌ರೇ ನೋಡಿದ ಡಾಕ್ಟರರ ಹಾಗೆ ಒಂದು ಕ್ಷಣ ಸುಮ್ಮನಾದಳು. ಪ್ರವಾದನೆ 4, ಸ್ವಸ್ಥತೆ 0, ಅದ್ಭುತಕಾರ್ಯ 0, ಸಹಾಯ 19. “ಸಹಾಯವೂ ವರವೇ ಅಂಕಲ್” ಎಂದು ಸಮಾಧಾನ ಹೇಳಿದಳು. ಕನ್ಯಾಪರೀಕ್ಷೆಯಲ್ಲಿ ಹುಡುಗಿ ಒಪ್ಪಿಗೆಯಾಗದಿದ್ದಾಗ ‘ಅಡಿಗೆ ಚೆನ್ನಾಗಿ ಮಾಡ್ತಾಳೆ’ ಅನ್ನುವ ಸ್ವರವೇ ಅದು. ಅಕ್ಕಪಕ್ಕದವರಿಗೆಲ್ಲ ಪ್ರವಾದನೆ ಬಂದಿತ್ತು. ಆಂಟಿಗೆ ಪ್ರವಾದನೆ ಮತ್ತು ಸ್ವಸ್ಥತೆ ಎರಡರಲ್ಲೂ ಡಿಸ್ಟಿಂಕ್ಷನ್.

ಈ ವರಗಳ ಪಟ್ಟಿ ಬಂದದ್ದು ಬೈಬಲಿನ ಪೌಲನಿಂದ. ಕ್ರಿ.ಶ. 55ರ ಆಸುಪಾಸಿನಲ್ಲಿ ಕೊರಿಂಥದ ಸಭೆಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಒಂಬತ್ತನ್ನು ಎಣಿಸುತ್ತಾನೆ: ಜ್ಞಾನದ ಮಾತು, ವಿದ್ಯೆಯ ಮಾತು, ನಂಬಿಕೆ, ಸ್ವಸ್ಥತೆ, ಅದ್ಭುತ, ಪ್ರವಾದನೆ, ಆತ್ಮಗಳನ್ನು ವಿವೇಚಿಸುವುದು, ಅನ್ಯಭಾಷೆಗಳನ್ನಾಡುವುದು, ಆ ಭಾಷೆಗಳ ಅರ್ಥ ಹೇಳುವುದು. ಕೊರಿಂಥವೆಂದರೆ ಎರಡು ಬಂದರುಗಳ ನಡುವೆ ಕೂತ ವ್ಯಾಪಾರದ ಊರು. ವಲಸೆ ಬಂದವರು, ದಲಾಲಿಗಳು, ಹೊಸದಾಗಿ ದುಡ್ಡು ಕಂಡವರು. ಮುಂಬಯಿಯ ಹಿರಿಯಕ್ಕ ಅನ್ನಿ. ಅಂಥ ಊರಿನವರ ಕೈಗೆ ವರ ಕೊಟ್ಟರೆ ಏನಾಗಬೇಕೋ ಅದೇ ಆಯಿತು: ನಿನ್ನದು ದೊಡ್ಡದೋ ನನ್ನದು ದೊಡ್ಡದೋ ಎಂದು ಶುರುಮಾಡಿದರು. ಪೌಲ ಮೂರು ಅಧ್ಯಾಯ ತುಂಬ ಬೈದ. ವರ ಕೊಡುವುದು ಎಲ್ಲರ ಒಳಿತಿಗೆ, ಹೊತ್ತವನ ಮೆರವಣಿಗೆಗಲ್ಲ ಎಂದು ಪಟ್ಟಿಗಿಂತ ಮೊದಲೇ ಹೇಳಿಟ್ಟಿದ್ದಾನೆ. ಅನ್ಯಭಾಷೆಯಲ್ಲಿ ಮಾತಾಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವನಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಎಲ್ಲರೂ ಒಟ್ಟಿಗೆ ಶುರುಮಾಡಿದರೆ ಹೊರಗಿನಿಂದ ಬಂದವರು ಇವರಿಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಎಂದೂ ಕೇಳಿದ್ದಾನೆ.

ನಮ್ಮ ಹಾಲಿನಲ್ಲಿ ಒಟ್ಟಿಗೆ ಶುರುಮಾಡಿದವರು ಸುಮಾರು ಇನ್ನೂರು ಜನ. ಮೈಕ್ ಬೇರೆ. ಅರ್ಥ ಹೇಳುವವರು ಸೊನ್ನೆ. ಹೊರಗಿನಿಂದ ಬಂದವನು ನೀರಿನ ಕ್ಯಾನ್ ಹೊತ್ತ ಹುಡುಗ; ಅವನು ಏನು ಅಂದುಕೊಂಡನೋ, ಕ್ಯಾನ್ ಇಟ್ಟು ಕಾಸನ್ನೂ ಕೇಳದೆ ಓಡಿದ.

ನನಗೆ ಈ ಅನ್ಯಭಾಷೆಯ ವಿಷಯದಲ್ಲಿ ಹೊಟ್ಟೆಕಿಚ್ಚು ಇಲ್ಲ, ಸುಸ್ತು ಇದೆ. ಮುಂಬಯಿಯ ಕನ್ನಡಿಗನಿಗೆ ಆ ವರ ಬಂದು ನೂರು ವರ್ಷದ ಮೇಲಾಯಿತು. ತರಕಾರಿಯವಳ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ, ಸೊಸೈಟಿಯ ಸೆಕ್ರೆಟರಿಯ ಹತ್ತಿರ ಗುಜರಾತಿ, ಪಕ್ಕದ ಮನೆಯ ಶೆಟ್ಟರ ಹತ್ತಿರ ತುಳು, ಹೆಂಡತಿಯ ಹತ್ತಿರ ಕೊಂಕಣಿ, ಮೊಮ್ಮಕ್ಕಳ ಹತ್ತಿರ ಇಂಗ್ಲಿಷ್. ಇಷ್ಟಾದ ಮೇಲೆ ಕನ್ನಡಕ್ಕೆ ಉಳಿಯುವುದು ಊರಿನಿಂದ ಬರುವ ಫೋನ್ ಮತ್ತು ಕೋಪ. ನನ್ನ ಮೊಮ್ಮಗಳ ಮುಂದೆ ನಾನು ಒಂದು ಪ್ಯಾರಾ ಕನ್ನಡ ಓದಿದರೆ ಅವಳ ಪಾಲಿಗೆ ಅದೇ ಆತ್ಮ ಇಳಿದ ಪಂಚಾಶತ್ತಮ ದಿನ: ತಾತನಿಗೆ ಏನೋ ಬಂದಿದೆ, ಏನೆಂದು ತಿಳಿಯದು. ಅರ್ಥ ಹೇಳುವ ವರ ಬೇಕಾದವರು ವಾಕೋಲಾ ದಾಟಿ ಕಲಿನಾಕ್ಕೆ ಹೋಗಬಹುದು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಅಲ್ಲೇ ವಿದ್ಯಾನಗರಿಯಲ್ಲಿದೆ. ಅಲ್ಲಿ ಆ ವರಕ್ಕೆ ಎರಡು ವರ್ಷದ ಎಂ.ಎ., ಪರೀಕ್ಷೆ, ಹಾಜರಿ ಎಲ್ಲ ಉಂಟು. ಕಣ್ಣುಮುಚ್ಚಿ ಕೈ ಎತ್ತಿದರೆ ಪಾಸು ಮಾಡುವುದಿಲ್ಲ.

ಅರ್ಥವಾಗದ ಭಾಷೆಯ ಹತ್ತು ಸಾವಿರ ಮಾತಿಗಿಂತ ತಿಳಿಯುವಂಥ ಐದೇ ಮಾತು ಮೇಲು ಎಂದೂ ಪೌಲ ಬರೆದಿದ್ದಾನೆ. ಯಾವ ಐದು ಎಂದು ಅವನು ಹೇಳಲಿಲ್ಲ. ನನ್ನ ಅಜ್ಜಿಗೆ ಗೊತ್ತಿತ್ತು: ಊಟ ಆಯ್ತಾ? ಒಳಗೆ ಬಾ, ಕೂತ್ಕೋ.

ಅದ್ಭುತಗಳ ವಿಷಯಕ್ಕೆ ಬರೋಣ. ಸಾಂತಾಕ್ರೂಜ್ ಅಂದರೆ ಪೋರ್ಚುಗೀಸರ ಮಾತಿನಲ್ಲಿ ಪವಿತ್ರ ಶಿಲುಬೆ. ನಮ್ಮ ಊರಿನ ಹೆಸರಲ್ಲೇ ಶಿಲುಬೆಯಿದ್ದರೂ ಪವಾಡ ಮಾತ್ರ ಒಂದು ಸ್ಟೇಷನ್ ಮುಂದೆ ಇಳಿಯಿತು. 2012ರ ಮಾರ್ಚಿನಲ್ಲಿ ವಿಲೆಪಾರ್ಲೆಯ ಇರ್ಲಾದಲ್ಲಿ, ವೇಲಾಂಕಣಿ ಮಾತೆಯ ಚರ್ಚಿನ ಬಳಿ, ಶಿಲುಬೆಯ ಮೇಲಿನ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಬಾಟಲಿ ತಂದರು. ದೆಹಲಿಯಿಂದ ವಿಚಾರವಾದಿ ಸನಲ್ ಎಡಮರುಕು ಬಂದು ಶಿಲುಬೆಯ ಹಿಂದೆ ಬಗ್ಗಿ ನೋಡಿದರು. ಚರಂಡಿ ಕಟ್ಟಿಕೊಂಡು ಗೋಡೆ ತೇವ ಹೀರಿ, ಆ ನೀರು ಮೊಳೆಯ ದಾರಿಯಿಂದ ಪಾದಕ್ಕೆ ಇಳಿಯುತ್ತಿದೆ ಅಂದರು. ಮಹಾಧರ್ಮಪ್ರಾಂತ್ಯ ಅದನ್ನು ಪವಾಡವೆಂದು ಘೋಷಿಸಿರಲಿಲ್ಲ, ನಿಜ. ಆದರೆ ದೂರುಗಳು ಬಿದ್ದದ್ದು ಚರಂಡಿ ಕಟ್ಟಿಸಿದವರ ಮೇಲಲ್ಲ, ಚರಂಡಿಯನ್ನು ಕಂಡವನ ಮೇಲೆ. ಧಾರ್ಮಿಕ ಭಾವನೆ ನೋಯಿಸಿದ ಆರೋಪ, ಸೆಕ್ಷನ್ 295ಎ. ಮನುಷ್ಯ ಫಿನ್ಲೆಂಡಿಗೆ ಹೋದವನು ಅಲ್ಲೇ ಉಳಿಯಬೇಕಾಯಿತು.

ನನಗೆ ಈ ಪ್ರಕರಣದಲ್ಲಿ ಕಾಡುವ ಸಂಗತಿ ಬೇರೆ. ಪೌಲನ ಪಟ್ಟಿಯಲ್ಲಿ ಏಳನೆಯದು ವಿವೇಚನೆಯ ವರ. ಯಾವುದು ದೇವರದು, ಯಾವುದು ಅಲ್ಲ ಎಂದು ಬೇರ್ಪಡಿಸಿ ನೋಡುವುದು. ಅಷ್ಟು ಜನ ಭಕ್ತರು ಬಾಟಲಿ ಹಿಡಿದು ನಿಂತಿದ್ದಾಗ ಆ ವರ ಯಾರ ಮೇಲೂ ಇಳಿಯದೆ, ಸೀದಾ ಹೋಗಿ ಒಬ್ಬ ನಾಸ್ತಿಕನ ಮೇಲೆ ಕೂತಿತು! ಪವಿತ್ರಾತ್ಮನಿಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನುವವರು ಇದನ್ನು ಯೋಚಿಸಬೇಕು. ಹಾಗೆಯೇ, ನೀರನ್ನು ಇಬ್ಭಾಗ ಮಾಡುವ ಸಾಮರ್ಥ್ಯವುಳ್ಳ ಬ್ರದರುಗಳು ದಯವಿಟ್ಟು ಜುಲೈ ತಿಂಗಳಲ್ಲಿ, ಮಳೆನೀರು ತುಂಬಿದ ಮಿಲನ್ ಸಬ್‌ವೇಗೆ ಬಂದು ಪ್ರದರ್ಶನ ಕೊಡಬೇಕು. ಜಾಗ ಖಾಲಿ ಇದೆ, ಪ್ರೇಕ್ಷಕರು ಬೋನೆಟ್ಟಿನ ಮೇಲೆ ಕಾದು ಕೂತಿರುತ್ತಾರೆ.

ಇದೆಲ್ಲ ಹೇಳಿ ವರಗಳೇ ಸುಳ್ಳು ಎಂದು ಜಾರಿಕೊಳ್ಳುವುದು ಸುಲಭ. ಆದರೆ ದಾರಿಗೆ ಅಡ್ಡವಾಗಿ ಪಂಡಿತಾ ರಮಾಬಾಯಿ ನಿಂತಿದ್ದಾರೆ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ನಮ್ಮವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರಿನ ಪಂಡಿತರ ಕೆಂಗಣ್ಣಿಗೆ ಗುರಿಯಾದ ಮನುಷ್ಯ. ಅವರ ಮಗಳು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಬರಗಾಲದಲ್ಲಿ ಅನಾಥರಾದ ಹುಡುಗಿಯರನ್ನು ನೂರುಗಟ್ಟಲೆ ಕರೆತಂದು ಪುಣೆ ಜಿಲ್ಲೆಯ ಕೇಡಗಾಂವದ ಮುಕ್ತಿ ಎಂಬ ಆಶ್ರಯಧಾಮದಲ್ಲಿ ಸಾಕಿದರು. 1905ರಲ್ಲಿ ಆ ಹುಡುಗಿಯರ ಮೇಲೆ ಆತ್ಮಾವೇಶ ಇಳಿಯಿತು. ಮುಂದೆ ಅನ್ಯಭಾಷೆಯೂ ಬಂತು. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಪೆಂಟೆಕೋಸ್ಟ್ ಬೆಂಕಿ ಹೊತ್ತಿದ್ದು 1906ರಲ್ಲಿ. ಅಲ್ಲಿಂದ ಬಂದ ಸರಕು ಎಂದು ನಾವು ತಲೆ ಮೇಲೆ ಹೊತ್ತುಕೊಳ್ಳುವುದು ನಮ್ಮ ಹಿತ್ತಲಲ್ಲಿ ಒಂದು ವರ್ಷ ಮೊದಲೇ ಚಿಗುರಿತ್ತು. ಮುಕ್ತಿಯಲ್ಲಿದ್ದ ಮಿನ್ನಿ ಏಬ್ರಮ್ಸ್ ಇದರ ಬಗ್ಗೆ ಬರೆದ ಪುಸ್ತಿಕೆ ದೂರದ ಚಿಲಿ ದೇಶ ಮುಟ್ಟಿ, ಅಲ್ಲೂ ಪೆಂಟೆಕೋಸ್ಟ್ ಚಳವಳಿಗೆ ಕಿಡಿಯಾಯಿತು.

ಆವೇಶ ಇಳಿದ ಮಾರನೆಯ ದಿನ ಮುಕ್ತಿಯಲ್ಲಿ ಏನು ನಡೆಯಿತು ಅನ್ನುವುದು ನನಗೆ ಮುಖ್ಯ. ಬಾವಿ ಸೇದಬೇಕಿತ್ತು, ಸೇದಿದರು. ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ, ಕುರುಡು ಹುಡುಗಿಯರಿಗೆ ಬ್ರೈಲ್ ಪಾಠ, ಯಾವುದೂ ನಿಲ್ಲಲಿಲ್ಲ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು, ವರ್ಷಗಟ್ಟಲೆ ಕೂತು. ಅನ್ಯಭಾಷೆಗೆ ಅರ್ಥ ಹೇಳುವ ವರ ಅಂದರೆ ಅದು, ಬೆನ್ನು ನೋಯುತ್ತದೆ.

ನಮ್ಮ ಹಾಲಿನಲ್ಲಿ ಪ್ರಾರ್ಥನೆ ನಡೆಸಿದ ಬ್ರದರಿಗೆ ಬೆನ್ನು ನೋವಿರಲಿಲ್ಲ. ನಮ್ಮ ಬೆನ್ನು ನೋವನ್ನು ಅವರು ತೆಗೆಯುವವರಿದ್ದರು. “ಇಲ್ಲಿ ಯಾರಿಗೋ ಮಂಡಿ ನೋವಿದೆ ಎಂದು ಆತ್ಮನು ನನಗೆ ತಿಳಿಸುತ್ತಿದ್ದಾನೆ” ಎಂದು ಕಣ್ಣುಮುಚ್ಚಿ ಹೇಳಿದರು. ಅರುವತ್ತು ದಾಟಿದ ನೂರ ಐವತ್ತು ಜನ ಕೂತಿದ್ದ ಸಭೆಯಲ್ಲಿ ಇದನ್ನು ತಿಳಿಸಲು ಆತ್ಮನು ಅಷ್ಟು ದೂರದಿಂದ ಬರಬೇಕಾಗಿರಲಿಲ್ಲ, ಲಿಫ್ಟಿನವನನ್ನು ಕೇಳಿದ್ದರೆ ಸಾಕಿತ್ತು. ಇಂಥ ಸಭೆಗಳನ್ನು ನಡೆಸುವ ಕಥೋಲಿಕರ ವರಪ್ರಸಾದದ ಚಳವಳಿ 1972ರಲ್ಲಿ ಭಾರತಕ್ಕೆ ಕಾಲಿಟ್ಟದ್ದು ಈ ಮುಂಬಯಿಯಲ್ಲೇ. 2000ದ ಸೆಪ್ಟೆಂಬರಿನಲ್ಲಿ ರೋಮ್ ಸ್ವಸ್ಥತೆಯ ಪ್ರಾರ್ಥನೆಗಳ ಬಗ್ಗೆ ಒಂದು ನಿರ್ದೇಶನವನ್ನೇ ಹೊರಡಿಸಿತು. ಅರಚಾಟ, ನಾಟಕ, ರೋಚಕತೆ ಕೂಡದು ಎಂದು ಅದರಲ್ಲಿದೆ. ಕಾರ್ಡಿನಲ್ ರಾಟ್ಸಿಂಗರ್ ಸಹಿ ಮಾಡಿದ್ದರು. ಆ ಕಾಗದ ರೋಮಿನಿಂದ ಹೊರಟದ್ದು ಗೊತ್ತು. ನಮ್ಮ ಹಾಲಿಗೆ ತಲುಪಿದ ಲಕ್ಷಣ ಕಾಣಲಿಲ್ಲ.

ಕೊನೆಗೆ ಕಾಣಿಕೆ. ಪರದೆಯ ಮೇಲೆ ಹಾಸಿಗೆಯಷ್ಟು ಅಗಲದ ಕ್ಯೂಆರ್ ಕೋಡ್ ಮೂಡಿತು. ಬಿತ್ತಿದವನೇ ಕೊಯ್ಯುವನು, ವರ ಬೇಕಾದವರು ನಂಬಿಕೆಯಿಂದ ಸ್ಕ್ಯಾನ್ ಮಾಡಿ ಅಂದರು ಬ್ರದರ್. ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಸಮಾರ್ಯದ ಮಂತ್ರವಾದಿ ಸೀಮೋನ ಇದನ್ನೇ ಪೇತ್ರನ ಮುಂದೆ ಇಟ್ಟಿದ್ದ: ಹಣ ಕೊಡುತ್ತೇನೆ, ಆ ಶಕ್ತಿ ನನಗೂ ಕೊಡು. ನಿನ್ನ ಹಣವೂ ನಿನ್ನ ಜೊತೆಗೆ ಹಾಳಾಗಲಿ ಎಂಬರ್ಥದಲ್ಲಿ ಪೇತ್ರ ಉಗಿದ. ಪಾಪ, ಪೇತ್ರನ ಹತ್ತಿರ ಕ್ಯೂಆರ್ ಕೋಡ್ ಇರಲಿಲ್ಲ. ನಮ್ಮ ದೇಶದಲ್ಲಿ ವರದಕ್ಷಿಣೆಗೆ 1961ರಿಂದ ನಿಷೇಧವಿದೆ. ಆದರೆ ಆ ಕಾಯ್ದೆ ಸಂಜೆಯ ವರನಿಗೆ ಮಾತ್ರ ಅನ್ವಯ. ಬೆಳಗಿನ ವರಕ್ಕೆ ಕೊಡುವ ದಕ್ಷಿಣೆಯನ್ನು ಕೇಳುವವರಿಲ್ಲ. ಆಂಟಿ ಐನೂರು ಸ್ಕ್ಯಾನ್ ಮಾಡಿದರು. ಅವರ ಮಂಡಿ ಹಾಗೇ ಇತ್ತು. ಎದ್ದು ನಿಲ್ಲಲು ನನ್ನ ಭುಜ ಬೇಕಾಯಿತು.

ಅವರನ್ನು ಎಬ್ಬಿಸುತ್ತಿದ್ದಾಗ 2005ರ ಜುಲೈ 26 ನೆನಪಾಯಿತು. ಅಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಕಲಿನಾ ಮುಳುಗಿತು. ನಾನು ಕತ್ತಲಲ್ಲಿ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದುಕೊಂಡು ಬಂದೆ. ಹಗ್ಗದ ಆ ತುದಿ ಯಾರ ಕೈಯಲ್ಲಿತ್ತೋ ಇಂದಿಗೂ ತಿಳಿಯದು. ಯಾರೋ ಚಹಾ ಕೊಟ್ಟರು, ಯಾರೋ ಬನಿಯನ್. ಆ ರಾತ್ರಿ ಆಂಟಿಯ ಮನೆಯಲ್ಲಿ ಹದಿನಾಲ್ಕು ಮಂದಿ ಅಪರಿಚಿತರು ಮಲಗಿದ್ದರು. ಇದ್ದ ಅಕ್ಕಿಯೆಲ್ಲ ಗಂಜಿಯಾಯಿತು. ಕೊರಿಂಥದ ಪತ್ರಿಕೆಯ ಅದೇ 12ನೇ ಅಧ್ಯಾಯದ ಕೊನೆಯಲ್ಲಿ ಪೌಲ ಇನ್ನೊಂದು ಪಟ್ಟಿ ಕೊಡುತ್ತಾನೆ, ಅದರಲ್ಲಿ ‘ನೆರವಾಗುವುದು’ ಎಂಬ ವರವೂ ಇದೆ, ಅನ್ಯಭಾಷೆಗಿಂತ ಮೇಲೆಯೇ ಇದೆ. ಈ ಹೆಂಗಸಿಗೆ ಆ ವರದಲ್ಲಿ ಎಷ್ಟು ಅಂಕ ಬಂತೆಂದು ಅವರ ಫಾರ್ಮ್ ತೆಗೆದು ನೋಡಿದೆ. ಆರು.

ಸಭೆ ಮುಗಿಯಿತು. ಪ್ರವಾದಿಗಳು ರಿಕ್ಷಾ ಹಿಡಿದರು. ಸ್ವಸ್ಥತೆಯ ವರದವರಿಗೆ ಮನೆಯಲ್ಲಿ ಬಿರಿಯಾನಿ ಕಾದಿತ್ತು. ಅದ್ಭುತದ ಬ್ರದರ್ ಬಿಳಿ ಕಾರಿನಲ್ಲಿ ಅಂತರ್ಧಾನರಾದರು. ಎರಡು ಗಂಟೆಯೊಳಗೆ ಹಾಲ್ ಖಾಲಿ ಮಾಡದಿದ್ದರೆ ಡಿಪಾಸಿಟ್ ಹೋಗುತ್ತದೆ ಎಂದು ಮ್ಯಾನೇಜರ್ ಗಡಿಯಾರ ತೋರಿಸಿದ. ಇನ್ನೂರು ಕುರ್ಚಿ, ಒಬ್ಬ ನಾನು, ಅಂಕ 19. ಅರ್ಧ ಪೇರಿಸಿದ್ದೆ, ಸಂಜೆಯ ಮದುವೆಯ ಕಡೆಯ ಹೂವಿನವರು ಬಂದರು. ಹಿಂದೆಯೇ ಹುಡುಗಿಯ ಸೋದರಮಾವ ಇರಬೇಕು, ಉಡುಪಿ ಕಡೆಯವರು, ಬೆವರು ಒರೆಸುತ್ತ ಓಡಿಬಂದು ಖಾಲಿ ವೇದಿಕೆಯನ್ನೂ ನನ್ನನ್ನೂ ನೋಡಿ ಕೇಳಿದರು:

“ವರ ಬಂದಾಯ್ತಾ?”

“ಒಂಬತ್ತು ಬಂದು ಹೋದವು” ಅಂದೆ. “ಈ ಮೇಜಿನ ಆ ತುದಿ ಸ್ವಲ್ಪ ಹಿಡೀರಿ ಮಾರಾಯ್ರೆ.”