ಫ್ಲೆಕ್ಸ್ ಅಂಗಡಿಯಲ್ಲಿ ಮಂಡೇಲಾ

"ಮೇಷ್ಟ್ರೇ, ಭಯದ ಮಾತಿನ ಕೆಳಗೆ ಮಂಡೇಲಾ ಹೆಸರು ಹಾಕಿದೀನಿ, ನೋಡಿ."

"ಅದು ಅವರದ್ದಲ್ಲ ಕಣೋ! ಮರಿಯಾನ್ ವಿಲಿಯಮ್ಸನ್ ಅನ್ನೋ ಅಮೆರಿಕದ ಲೇಖಕಿ 1992ರ ಪುಸ್ತಕದಲ್ಲಿ ಬರೆದದ್ದು."

"1994ರಲ್ಲಿ ಅಧ್ಯಕ್ಷರಾದಾಗ ಭಾಷಣದಲ್ಲಿ ಹೇಳಿದ್ರಂತಲ್ಲ?"

"ಆ ಭಾಷಣದಲ್ಲಿ ಈ ಮಾತೇ ಇಲ್ಲ."

(ಹುಡುಗ ಮೌಸ್ ಎಳೆದು ಮಂಡೇಲಾರ ನಗುವನ್ನು ಇನ್ನೆರಡು ಇಂಚು ಅಗಲಿಸಿದ.)

"ಆಯಮ್ಮನ್ನ ಯಾರು ಗುರುತು ಹಿಡೀತಾರೆ ಮೇಷ್ಟ್ರೇ? ಇವರು 27 ವರ್ಷ ಜೈಲಲ್ಲಿದ್ದೋರು, ಧೈರ್ಯಕ್ಕೆ ಒಪ್ತಾರೆ."

"ಜೈಲು ಕಂಡೋರೇ ಬೇಕು ಅಂದ್ರೆ ನಮ್ಮ ಶಾಸಕರಿಲ್ವೇನೋ?"

"ಅವರನ್ನ ಆಗ್ಲೇ ಮೇಲೆ ಹಾಕಿದೀನಿ, ಡಬಲ್ ಸೈಜು."

"ಧೈರ್ಯದ ಬಗ್ಗೆ ಮಂಡೇಲಾ ಆತ್ಮಕಥೆಯಲ್ಲೇ ಬರೆದಿದ್ದಾರೆ. ಅದನ್ನ ಹಾಕು."

"ವಾಟ್ಸಾಪಲ್ಲಿ ಬಂದಿಲ್ವಲ್ಲ!"

"ಹಾಳಾಗ್ಲಿ, 'ಅನಾಮಿಕ' ಅಂತ ಹಾಕು."

"ಆಗ್ಲಿ ಮೇಷ್ಟ್ರೇ, ಅವರದ್ದೊಂದು ಫೋಟೋ ಕಳಿಸಿ."