ಓದಿಸಿಕೊಂಡ ಕೌದಿ

ಬಟ್ಟೆಯ ಮೇಲೆ ಗೆರೆ ಎಳೆಯುವವರಿಗೆಲ್ಲ ಒಂದು ವಿಚಿತ್ರವಾದ ಆಸೆ ಇರುತ್ತದೆ. ಹೊಲಿಯುವಾಗ ಗೆರೆ ಕಣ್ಣಿಗೆ ಹೊಡೆಯುವ ಹಾಗೆ ಕಾಣಬೇಕು. ಹೊಲಿದು ಮುಗಿದ ಮರುಗಳಿಗೆಗೆ ಅದು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಹೋಗಿಬಿಡಬೇಕು. ಈ ಎರಡೂ ಗುಣ ಒಂದೇ ಗೆರೆಯಲ್ಲಿ ಸಿಗಲಿ ಎಂದು ಸೂಜಿ ಹಿಡಿದವರು ಮಾಡದ ಪ್ರಯತ್ನವಿಲ್ಲ.

ಟೇಲರ್ ಚಾಕಿನದೇ ನೋಡಿ. ಬಲು ಸಾಧು ಪ್ರಾಣಿ, ಆದರೆ ಬಟ್ಟೆಯನ್ನು ಮಡಚಿ ಬಿಚ್ಚುವಷ್ಟರಲ್ಲಿ ಅರ್ಧ ಗೆರೆ ನಮ್ಮ ಸೆರಗಿಗೆ ಬಂದು ಕೂತಿರುತ್ತದೆ. ಮಗ್ಗಂ ವರ್ಕಿನವರು ಚಿತ್ರ ಬರೆದ ಕಾಗದಕ್ಕೆ ಸೂಜಿಯಿಂದ ಸಾಲು ಸಾಲು ತೂತು ಹೊಡೆದು, ಬಿಳಿ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಅದರ ಮೇಲೆ ಒರೆಸಿ ಚುಕ್ಕಿ ಮೂಡಿಸುತ್ತಾರೆ. ಮದುವೆಯ ಬ್ಲೌಸು ತರಲು ಹೋದಾಗ ಅಂಗಡಿಯಲ್ಲಿ ಸ್ಟೋವು ಹಚ್ಚಿದ ವಾಸನೆ ಯಾಕೆ ಬರುತ್ತದೆ ಎಂದು ಇಷ್ಟು ದಿನ ಯೋಚಿಸಿದ್ದವರಿಗೆ ಇದೇ ಉತ್ತರ. ಲಖನೌದ ಚಿಕನ್ ಕೆಲಸದವರು ಮರದ ಅಚ್ಚಿನಿಂದ ಒಗೆದರೆ ಹೋಗುವ ನೀಲಿ ಒತ್ತುತ್ತಾರೆ. ಇನ್ನು ಪೇಟೆಯಲ್ಲಿ ಸಿಗುವ ಪೆನ್ನುಗಳಲ್ಲಿ ನೇರಳೆಯದು ಗಾಳಿಗೆ ತಾನಾಗಿಯೇ ಮಾಯವಾಗುತ್ತದೆ, ಹವೆಯಲ್ಲಿ ತೇವವಿದ್ದರೆ ಇನ್ನೂ ಬೇಗ. ಮಂಗಳೂರಿನ ಜುಲೈ ತಿಂಗಳಲ್ಲಿ ಅದರಿಂದ ಹೂವು ಬರೆದವರು ಸೂಜಿಗೆ ದಾರ ಮೊದಲೇ ಪೋಣಿಸಿಕೊಂಡಿರುವುದು ಒಳ್ಳೆಯದು. ನೀಲಿಯದು ನೀರಿಗೆ ಹೋಗುತ್ತದೆ. ಆದರೆ ನೀರಿಗಿಂತ ಮೊದಲು ಇಸ್ತ್ರಿ ತಾಗಿತೋ, ಗೆರೆ ಬಟ್ಟೆಯ ಸಂಗಡವೇ ಹರಿಯುವುದು.

ನಮ್ಮ ಧಾರವಾಡದ ಕಡೆ ಈ ರಗಳೆಯೇ ಇರಲಿಲ್ಲ. ಕಸೂತಿ ಹಾಕುವವರು ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ನವಿಲು ಎಲ್ಲ ನಿಲ್ಲಿಸುತ್ತಾರೆ. ಕೆಳಗೆ ಚಿತ್ರ ಬರೆದುಕೊಂಡು ಹಾಕುವ ಪದ್ಧತಿಯೇ ಇಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಯಾವ ಹೊಲಿಗೆಯಾದರೂ ಲೆಕ್ಕ ತಪ್ಪಿದರೆ ಬಿಚ್ಚುವುದೊಂದೇ ದಾರಿ. ಕೌದಿಗೆ ಅಷ್ಟೂ ಲೆಕ್ಕ ಬೇಡ. ಹಳೇ ಸೀರೆ ಹಾಸಿ, ಮೇಲೆ ಚೂರು ಜೋಡಿಸಿ, ನಮ್ಮವ್ವ ಎಡಗೈಯ ಬೆರಳನ್ನೇ ಅಳತೆಪಟ್ಟಿ ಮಾಡಿಕೊಂಡು ಸಾಲಿನ ಪಕ್ಕ ಸಾಲು ಎಳೆದುಕೊಂಡು ಹೋಗುತ್ತಿದ್ದಳು. ಸಾಲು ಸೊಟ್ಟಗಾದರೆ? ಕೌದಿ ಹೊದ್ದವರು ಕಣ್ಣು ಮುಚ್ಚಿಕೊಂಡೇ ಇರುತ್ತಾರೆ ಎನ್ನುವುದು ಅವಳ ವಾದ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಇನ್ನೂ ಧೈರ್ಯದ್ದು. ಅಂಚಿನಿಂದ ಹೊರಟು ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಚೂರು, ಅವರ ಮಾತಿನ ಫುಲಾ, ಕೂಡಿಸದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ. ಅಲ್ಲಿಯೂ ಪೆನ್ನಿಲ್ಲ, ಪಟ್ಟಿಯಿಲ್ಲ.

ಇಂಥ ಊರಿನ ಸೊಸೆಯಾಗಿ ಬಂದವರು ನಮ್ಮ ವೈನಿ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವ್ವನ ಕೌದಿಯನ್ನು ನೋಡಿದಾಗಲೆಲ್ಲ ಅವರ ಬಲಗೈ ಕೆಂಪು ಪೆನ್ನಿಗಾಗಿ ತಡಕಾಡಿದ್ದನ್ನು ನಾನೇ ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಅಮೆರಿಕದ ಅಜ್ಜಿಯರ ಹೊಲಿಗೆಯ ವಿಡಿಯೋ ನೋಡಿ ನೋಡಿ, ಉರುಟು ಕತ್ತರಿಬ್ಲೇಡು, ಅದರ ಕೆಳಗೆ ಹಾಸುವ ಹಸಿರು ಮ್ಯಾಟು, ಪಾರದರ್ಶಕ ಅಳತೆಪಟ್ಟಿ ಎಲ್ಲ ತರಿಸಿದರು. ಊಟದ ಮೇಜು ಹೋಯಿತು. ಅಣ್ಣ ಟಿವಿ ಮುಂದೆ ತಾಟು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದ. ಕಡೆಗೆ ಬಂತು, ಕಾವಿಗೆ ಅಳಿಸುವ ಪೆನ್ನು. ಹೆಸರೇ ಕೇಳದ ಯಾವುದೋ ಕಂಪನಿಯ ಒಂದು ಕಟ್ಟು. ಬಿಳಿ, ಕೆಂಪು, ನೀಲಿ, ಕಪ್ಪು ರೀಫಿಲ್ಲುಗಳು.

"ಇಲ್ಲಿ ನೋಡು" ಎಂದು ವೈನಿ ನನ್ನನ್ನು ಕೂಡಿಸಿಕೊಂಡು, ಬಿಳಿ ಬಟ್ಟೆಯ ಮೇಲೆ ಪೈಥಾಗೊರಸನ ಪ್ರಮೇಯ ಬರೆದರು. ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರು. "ಈಗ ಗೆರಿ ಎಲ್ಲದ ಹೇಳು?"

ಗೆರೆ ಇರಲಿಲ್ಲ. ಕರ್ಣವೂ ಇಲ್ಲ, ಅದರ ವರ್ಗವೂ ಇಲ್ಲ. ಜಾತ್ರೆಯಲ್ಲಿ ಕಣ್ಕಟ್ಟು ನೋಡಿದವಳ ಹಾಗೆ ನಾನು ಚಪ್ಪಾಳೆ ಹೊಡೆದೆ.

ಈ ಶಾಯಿಯ ಜಾತಕ ಸ್ವಾರಸ್ಯವಾದದ್ದು. ಜಪಾನಿನ ನಗೋಯಾದ ಪೈಲಟ್ ಇಂಕ್ ಕಂಪನಿಯವರು 1970ರ ದಶಕದಲ್ಲೇ ಕಾವಿಗೆ ಬಣ್ಣ ಬದಲಿಸುವ ಶಾಯಿಯ ಬೆನ್ನು ಹತ್ತಿದ್ದರು. ಚಳಿಗಾಲ ಬರುವ ಮುಂಚೆ ಎಲೆಗಳು ಹಸಿರು ಬಿಟ್ಟು ಕೆಂಪಾಗುವುದನ್ನು ಕಂಡು ಹೊಳೆದ ವಿಚಾರವಂತೆ. ಎಷ್ಟೋ ವರ್ಷ ಅದು ಆಟಿಕೆಯಲ್ಲೇ ಕಾಲ ಕಳೆಯಿತು. ಬಿಸಿನೀರಿನಲ್ಲಿ ಅದ್ದಿದರೆ ಕೂದಲ ಬಣ್ಣ ಬದಲಾಗುವ ಗೊಂಬೆ ಮಾಡಿದವರೂ ಇವರೇ. ಒಂದು ಬಣ್ಣ ಹೋಗಿ ಇನ್ನೊಂದು ಬರುವ ಬದಲು, ಬಣ್ಣ ಹೋಗಿ ಏನೂ ಉಳಿಯದಿದ್ದರೆ? ಆಗ ಅದು ಪೆನ್ನಾಗುತ್ತದೆ. ಫ್ರಿಕ್ಷನ್ ಎಂಬ ಹೆಸರಿನಲ್ಲಿ ಅದು ಮೊದಲು 2006ರಲ್ಲಿ ಯುರೋಪಿನಲ್ಲಿ ಮಾರಾಟವಾಯಿತು, ಮರುವರ್ಷ ತವರಿಗೆ ಬಂತು. ಪೆನ್ನಿನ ಹಿಂದಿನ ರಬ್ಬರಿನಂಥ ತುದಿಯಿಂದ ತಿಕ್ಕಿದರೆ ಹುಟ್ಟುವ ಕಾವಿಗೆ ಬರೆದದ್ದು ಹೋಗುತ್ತದೆ. ಶಾಲೆಯ ಮಕ್ಕಳಿಗೆಂದು ಬಂದ ಈ ಪೆನ್ನಿನ ಮೇಲೆ ಹೊಲಿಯುವವರ ಕಣ್ಣು ಬಿದ್ದದ್ದು ಸಹಜ. ಅವರ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಮೊದಲೇ ಇತ್ತಲ್ಲ!

ಒಳಗಿನ ವ್ಯವಹಾರ ಹೀಗೆ. ಶಾಯಿಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು. ಒಂದೊಂದರಲ್ಲೂ ಮೂರು ವಸ್ತು: ಒಂದು ಬಣ್ಣದ ಮೂಲ, ಇನ್ನೊಂದು ಆ ಬಣ್ಣವನ್ನು ಹೊರತರುವಂಥದ್ದು, ಮೂರನೆಯದು ಕಾವಿನ ಮೇಲೆ ಕಣ್ಣಿಟ್ಟಿರುವಂಥದ್ದು. ಮೊದಲಿನ ಎರಡೂ ಕೂಡಿಕೊಂಡಿದ್ದರೆ ಬಣ್ಣ. ಸುಮಾರು 60 ಡಿಗ್ರಿ ದಾಟಿದರೆ ಮೂರನೆಯದು ಕರಗಿ ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸುತ್ತದೆ, ಬಣ್ಣ ಹೋಯಿತು. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಮೂರನೆಯವಳ ಬಗ್ಗೆ ಮಾತಾಡುತ್ತಿರುವಾಗ ಅವಳೇ ಬಂದು ನಡುವೆ ಕೂತರೆ ಆಗುವುದೂ ಇದೇ. ಮಾತು ನಿಲ್ಲುತ್ತದೆ. ಮರೆತುಹೋಗಿರುವುದಿಲ್ಲ. ಅವಳು ಚಳಿಗೆ ಮುದುಡಿ ಎದ್ದು ಒಳಗೆ ಹೋಗಲಿ, ನಿಂತ ಕಡೆಯಿಂದಲೇ ಮತ್ತೆ ಶುರು. ಶಾಯಿಯ ಲೆಕ್ಕದಲ್ಲಿ ಆ ಚಳಿ ಎಂದರೆ ಸೊನ್ನೆಗಿಂತ ಕೆಳಗೆ 10 ಡಿಗ್ರಿ. ಅಲ್ಲಿಂದ ಗೆರೆ ಮಸುಕಾಗಿ ಮೂಡತೊಡಗಿ, ಮೈನಸ್ 20ರ ಹೊತ್ತಿಗೆ ಪೂರ್ತಿ ವಾಪಸು ಬರುತ್ತದೆ. ಪೆನ್ನು ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಸರ್ಟಿಫಿಕೇಟಿಗೆ, ಲಕೋಟೆಯ ಮೇಲಿನ ವಿಳಾಸಕ್ಕೆ ಬಳಸಬೇಡಿ ಎಂದು ಅವರೇ ಹೇಳುತ್ತಾರೆ. ಅಪ್ಪಿತಪ್ಪಿ ಅಳಿಸಿದ್ದು ಬೇಕಾದರೆ ಫ್ರೀಜರಿನಲ್ಲಿಡಿ ಎನ್ನುವ ಸಲಹೆಯೂ ಅವರದೇ.

ಕರ್ನಾಟಕದಲ್ಲೇ ಹುಟ್ಟಿ ಕರ್ನಾಟಕದಲ್ಲೇ ಹರಿಯುವ ಕೌದಿಗೆ ಇದರಿಂದ ಭಯವಿಲ್ಲ. ನಮಗೆ ತೊಂದರೆಯಾದರೆ ಆ ಕಡೆಯ ತುದಿಯಿಂದ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿಯನ್ನು ಆರಾಮಾಗಿ ದಾಟುತ್ತದೆ. ಈ ಪೆನ್ನಿನಲ್ಲಿ ಬರೆದ ಕಿರಾಣಿ ಚೀಟಿಯನ್ನು ಅಲ್ಲಿಟ್ಟರೆ, ಅಂಗಡಿಗೆ ಹೋದ ಯಜಮಾನರು ಬರಿಗೈಲಿ ಬಂದು ಖಾಲಿ ಕಾಗದ ತೋರಿಸಬಹುದು. ಅಂಥದಕ್ಕೇ ಕಾಯುತ್ತಿರುವ ಯಜಮಾನರೂ ಇದ್ದಾರೆ. ಚಳಿಯ ಮಾತು ಬೇರೆ. ಮೈನಸ್ 10 ಎನ್ನುವುದು ನಮ್ಮ ರಾಜ್ಯದಲ್ಲಿ ಐಸ್‌ಕ್ರೀಮ್ ಪೆಟ್ಟಿಗೆಯ ಒಳಗೆ ಮಾತ್ರ ಸಿಗುವ ಸ್ಥಿತಿ. ಆದರೆ ನಮ್ಮ ಮೊಮ್ಮಕ್ಕಳು ಹುಟ್ಟುವುದು ಇಲ್ಲಿಯಲ್ಲವಲ್ಲ!

ವೈನಿಯ ಮಗಳು ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಬಾಣಂತನಕ್ಕೆ ಹೊರಟ ವೈನಿ ಅಂಟಿನ ಉಂಡಿ, ಚಟ್ನಿಪುಡಿ, ಪೇಡೆಯ ಜೊತೆಗೆ ಕೂಸಿಗೊಂದು ಕೌದಿಯನ್ನೂ ಹೊಲಿದರು. ಎರಡೂ ಮನೆಯ ಹಿರಿಯರ ಹಳೆಯ ಸೀರೆಗಳಿಂದ ಕತ್ತರಿಸಿದ ಸಮ ಚೌಕಗಳು. ಗಣಿತದ ಟೀಚರು, ಚೌಕ ಹೆಚ್ಚುಕಡಿಮೆ ಆಗಬಾರದು. ಯಾವುದು ಯಾವ ಸಾಲಿಗೆ ಎಂದು ಗೊಂದಲವಾಗಬಾರದು. ಹಾಗಾಗಿ ಪ್ರತಿ ಚೌಕದ ಮೇಲೆ, ಹೊರಗೆ ಕಾಣುವ ಮಗ್ಗುಲಲ್ಲೇ, ಆ ಪೆನ್ನಿನಿಂದ ಟಿಪ್ಪಣಿ. ಅಳಿಸುವುದೇ ಅಲ್ಲವೇ ಎಂಬ ಧೈರ್ಯಕ್ಕೆ ಕೈ ಸಡಿಲಾಗಿ, ಸಾಲಿನ ನಂಬರಿನ ಜೊತೆಗೆ ಅಭಿಪ್ರಾಯಗಳೂ ಇಳಿದುವು. ಆಮೇಲೆ ಇಸ್ತ್ರಿ. ಕೌದಿ ಕನ್ನಡಿಯಾಗಿ ವಿಮಾನ ಹತ್ತಿತು.

ಅಲ್ಲಿಗೆ ಬೀಗತಿಯೂ ಬಂದಿದ್ದರು. ಜನವರಿ ತಿಂಗಳು, ಯಾರೋ ಸ್ನೇಹಿತರ ದೊಡ್ಡ ಮನೆಯಲ್ಲಿ ನಾಮಕರಣ. ರಾತ್ರಿ ವಾಪಸಾದಾಗ ಕೂಸನ್ನು ಒಳಗೆ ತಂದರು, ಬೆಳ್ಳಿ ಬಟ್ಟಲು ಒಳಗೆ ತಂದರು, ಉಳಿದ ಹೋಳಿಗೆಯನ್ನೂ ತಂದರು. ಕೌದಿಯ ಚೀಲ ಮಾತ್ರ ಹೊರಗೆ ನಿಂತ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಆ ಊರಿನ ಜನವರಿ ರಾತ್ರಿ ಮೈನಸ್ 20ನ್ನು ದಾಟುವುದು ಅಲ್ಲಿಯವರಿಗೆ ಸುದ್ದಿಯೇ ಅಲ್ಲ. ಬೆಳಿಗ್ಗೆ ಚೀಲ ಬಿಚ್ಚಿದವರು ಬೀಗತಿ.

ಮುಂದಿನದನ್ನು ನನಗೆ ವಿಡಿಯೋ ಕಾಲಿನಲ್ಲಿ ಹೇಳಿದವಳು ಬಾಣಂತಿ. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡೇ ಹೇಳಿದಳು. ಬೀಗತಿ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಕ್ರಮವಾಗಿ ಓದುತ್ತ ಹೋದರಂತೆ. "ಅವ್ವನ ಇಳಕಲ್ಲು, ನಟ್ಟನಡುವ." ಸರಿ. "ಸೋದರತ್ತಿದು, ಜರಾ ಮಾಸಿದ್ದು, ಕೂಸಿಗೆ ತಿಳಿಯೂದಿಲ್ಲ." ಅದೂ ಸರಿ. "ಹಾಲಿನಾಂವಗ ಎಂಟುನೂರು ಕೊಡೂದದ." ಅದು ಹೇಗೆ ಬಂತೋ! ಕಡೆಯ ಸಾಲು: "ಬೀಗತಿ ಕೊಟ್ಟದ್ದು. ಬಣ್ಣ ಬಿಡ್ತದ. ಮೂಲಿಗೆ ಹಾಕು."

ಮನೆಯಲ್ಲಿ ಹೀಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲವಂತೆ. ಬೀಗತಿ ಕೌದಿಯನ್ನು ನಾಲ್ಕು ಮಡಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ನಿಮ್ಮ ಅಕ್ಷರ ಭಾಳ ಛಂದ ಅವ ರೀ."

ವೈನಿ ಇಸ್ತ್ರಿಪೆಟ್ಟಿಗೆಗೆ ಓಡಿದರು. ಬೀಗತಿ ಬಿಡಬೇಕಲ್ಲ! "ಇರ್ಲಿ ಬಿಡ್ರೀ, ಅಳಿಸಬ್ಯಾಡ್ರೀ. ಮೊಮ್ಮಗ ಕನ್ನಡ ಕಲಿಲಿಕ್ಕೆ ಛಲೋ ಆತು."

ಇದರಲ್ಲಿ ಶಾಯಿಯ ತಪ್ಪು ಹುಡುಕುವುದು ನ್ಯಾಯವಲ್ಲ. ಅದು ತನ್ನ ಧರ್ಮ ಪಾಲಿಸಿತು. ಬೀಗತಿಯ ಸೀರೆ ಬಣ್ಣ ಬಿಡುವುದೂ ನಿಜ; ನಾನು ಒಗೆದು ನೋಡಿದ್ದೇನೆ, ಬಕೆಟ್ಟಿನ ನೀರು ಕುಂಕುಮವಾಗಿತ್ತು. ಆ ಮಾತನ್ನು ಆಗ ಹೇಳಲು ನಾನು ಮಿನಿಯಾಪೊಲಿಸ್‌ನಲ್ಲಿ ಇರಲಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ.

ಹಾಗೆಂದು ಪೆನ್ನನ್ನು ಕಸಕ್ಕೆ ಎಸೆಯಬೇಕಿಲ್ಲ. ಚೂರುಗಳನ್ನು ಕತ್ತರಿಸಲು, ಮಗ್ಗುಲು ಹೊಲಿಗೆಯ ಒಳಗೆ ಮುಚ್ಚಿಹೋಗುವ ಅಂಚಿಗೆ ಗುರುತು ಹಾಕಲು, ಬಟ್ಟೆಯ ಹಿಂಬದಿಗೆ, ಇದರಷ್ಟು ಸಣ್ಣಗೆ, ಇದರಷ್ಟು ಚೂಪಾಗಿ ಗೆರೆ ಎಳೆಯುವ ಇನ್ನೊಂದು ಸಾಧನವಿಲ್ಲ. ಅಲ್ಲಿ ಗೆರೆ ವಾಪಸು ಬಂದರೂ ನೋಡುವವರು ಯಾರು? ಕೌದಿಯ ಮೇಲ್ಮೈಗೆ ಮಾತ್ರ ಬೇಡ. ಕಪ್ಪು, ಕಡುನೀಲಿಯಂಥ ಗಾಢ ಬಣ್ಣದ ಬಟ್ಟೆಗೆ ಎಲ್ಲಿಯೂ ಬೇಡ. ಇಸ್ತ್ರಿ ಮಾಡಿದ ಮೇಲೂ ಅಲ್ಲಿ ಬಿಳಿಯ ನೆರಳು ಉಳಿಯುವುದುಂಟು, ಅದಕ್ಕೆ ಚಳಿಗಾಲದ ಹಂಗಿಲ್ಲ. ಒಗೆದರೆ ಹೋಗುತ್ತದೆಯೇ ಎಂದು ಕೇಳಿದರೆ, ಒಂದಿಷ್ಟು ಹೋಗಬಹುದು, ಪೂರ್ತಿ ಹೋಯಿತು ಎಂದು ನಂಬಿ ಕೂಡುವ ಹಾಗಿಲ್ಲ. ಇಸ್ತ್ರಿ ತೆಗೆದದ್ದು ಬಣ್ಣವನ್ನಷ್ಟೇ, ಶಾಯಿ ನೂಲಿಗೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ಎಚ್ಚರ: ನೀರಿಗೆ ಹೋಗುವ ನೀಲಿ ಪೆನ್ನನ್ನೂ ಇದನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಒಂದಕ್ಕೆ ಇಸ್ತ್ರಿ ಮೋಕ್ಷ, ಇನ್ನೊಂದಕ್ಕೆ ಶಾಪ; ನಡುರಾತ್ರಿ ಹೊಲಿಯುವ ಕಣ್ಣಿಗೆ ಎರಡೂ ಒಂದೇ ನೀಲಿ.

ಮೇಲ್ಮೈಗೆ ನನ್ನ ಮತ ಬಚ್ಚಲಮನೆಯಲ್ಲಿ ಸವೆದು ಉಳಿದ ಸೋಪಿನ ಚೂರಿಗೆ. ಒಣಗಿಸಿ ಅಂಚು ಚೂಪು ಮಾಡಿಕೊಂಡರೆ ಗಾಢ ಬಣ್ಣದ ಮೇಲೆ ಚೆನ್ನಾಗಿ ಕಾಣುತ್ತದೆ, ಮೊದಲ ಒಗೆತಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಖರ್ಚೂ ಇಲ್ಲ. ಅದರಿಂದ ವಾಕ್ಯ ಬರೆಯಲು ಬರುವುದಿಲ್ಲ ಎನ್ನುವುದು ಅದರ ದೊಡ್ಡ ಗುಣ.

ಈಗಾಗಲೇ ಈ ಪೆನ್ನಿನಿಂದ ಮೇಲ್ಮೈಗೆ ಗೆರೆ ಎಳೆದು, ಹೊದಿಕೆ ಹೊಲಿದು, ತಂಪು ದೇಶದ ಮಕ್ಕಳಿಗೆ ಕಳಿಸಲು ಚೀಲ ಕಟ್ಟಿಟ್ಟವರು ಗಾಬರಿಯಾಗಬೇಡಿ. ಅದೇ ಬಟ್ಟೆಯ ಉಳಿದ ಚೂರಿನ ಮೇಲೆ ಅದೇ ಪೆನ್ನಿನಿಂದ ಗೆರೆ ಎಳೆದು, ಇಸ್ತ್ರಿ ಮಾಡಿ, ಒಂದು ರಾತ್ರಿ ಫ್ರೀಜರಿನಲ್ಲಿಡಿ. ಮನೆಯ ಫ್ರೀಜರು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು ಇರುತ್ತದೆ, ಪರೀಕ್ಷೆಗೆ ಸಾಕು. ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ, ಇಲ್ಲದಿದ್ದರೆ ಬಟಾಣಿಯ ವಾಸನೆ ಹತ್ತುತ್ತದೆ. ಇದೇನೆಂದು ಮನೆಯವರು ಎತ್ತಿ ಬಿಸಾಡದ ಹಾಗೆ ಮೇಲೊಂದು ಚೀಟಿ ಅಂಟಿಸಿ. ಆ ಚೀಟಿಯನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ.