ರಾಯರು ಬಂಗಾರದ ಲೈನಿಗೆ ಇಳಿದದ್ದು

ಡೊಂಬಿವಲಿಯ ಯಾವ ಸೊಸೈಟಿಗೆ ಹೋದರೂ ಒಂದು ನೀರಿನ ಟಾಕಿ, ಒಬ್ಬ ವಾಚ್‌ಮನ್, ಇನ್ನೇನು ವ್ಯಾಪಾರಕ್ಕೆ ಇಳಿಯಲಿರುವ ಒಬ್ಬ ನಿವೃತ್ತರು ಇದ್ದೇ ಇರುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ಆ ಮೂರನೆಯ ಹುದ್ದೆ ಧಾರವಾಡದ ಕಡೆಯ ರಾಯರದ್ದು. ಮೂವತ್ತು ವರ್ಷ ಫೋರ್ಟಿನ ಕಚೇರಿಗೆ ಫಾಸ್ಟ್ ಲೋಕಲ್ಲಿನ ನಾಲ್ಕನೇ ಸೀಟಿನ ತುದಿಯಲ್ಲಿ ಅರ್ಧ ಕೂತು ಹೋಗಿಬಂದವರು. ವಿಆರ್‌ಎಸ್ ತಗೊಂಡ ಮೇಲೆ ಊರಿನಿಂದ ಪೇಢೆ ತರಿಸಿ ಮಾರಿದರು. ಅರ್ಧ ಬಂಡವಾಳವನ್ನು ತಾವೇ ತಿಂದರು. ಆಮೇಲೆ ಶೇರು ಹಿಡಿದರು; ಉಳಿದರ್ಧವನ್ನು ಅದು ತಿಂದಿತು.

ಒಂದು ದಿನ ಲಿಫ್ಟಿನಲ್ಲಿ ಸಿಕ್ಕು ದನಿ ತಗ್ಗಿಸಿದರು. "ಬಂಗಾರದ ಲೈನಿಗೆ ಇಳದೀನಪಾ. ಮಾರೂದಲ್ಲ, ಕೊಳ್ಳೂದು. ಹಳೇ ಬಂಗಾರ."

"ರೊಕ್ಕಾ?" ಎಂದೆ.

"ಅದು ಆಮ್ಯಾಲೆ. ಮೊದಲ ನಾಲೆಜ್."

ಈ ಜಾತಿಯ ಮನುಷ್ಯನ ಗುರುತೇ ಇದು. ಅಂಗಡಿಗಿಂತ ಮೊದಲು ವಿಸಿಟಿಂಗ್ ಕಾರ್ಡು, ಗಿರಾಕಿಗಿಂತ ಮೊದಲು ನಾಲೆಜ್. ಕಾರ್ಡು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಅಚ್ಚಾಯಿತು. ಒರೆಗಲ್ಲು ಬಂತು, ಆಸಿಡ್ ಬಾಟ್ಲಿ ಬಂತು, ಮಿಲಿಗ್ರಾಂ ತೋರಿಸುವ ತಕ್ಕಡಿ ಬಂತು. ಆಸಿಡ್ಡು ಮೊದಲ ದಿನವೇ ರಾಯರ ಧೋತರದಲ್ಲಿ ನಾಲ್ಕಾಣೆ ಅಗಲದ ತೂತು ಮಾಡಿ ತನ್ನ ಶುದ್ಧತೆಯನ್ನು ಸಾಬೀತು ಮಾಡಿತು. ತಕ್ಕಡಿಯಲ್ಲಿ ರಾಯರ ಹೆಂಡತಿ, ಅಂದರೆ ನಮ್ಮ ವೈನಿ, ಕೇಸರಿ ತೂಗಿ, ಅಂಗಡಿಯವನು ಮೋಸ ಮಾಡಿದ್ದಾನೆಂದು ಕಂಡುಹಿಡಿದರು. ಆ ಲೈನಿನಲ್ಲಿ ಇವತ್ತಿಗೂ ಅದೊಂದೇ ಲಾಭ.

ನಾಲೆಜ್ ಮಾತ್ರ ಸುಳ್ಳಲ್ಲ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಭಾಗ ಬಂಗಾರವಿದ್ದರೆ ಸಾವಿರಕ್ಕೆ 916, ಅದಕ್ಕೇ ಒಡವೆಯ ಮೇಲೆ ಆ ಅಂಕಿ ಎಂದು ವಾಚ್‌ಮನ್ನನಿಗೂ ಬಾಯಿಪಾಠ ಮಾಡಿಸಿದರು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ ಎಂದು ಹಾಲಿನವನಿಗೆ ತಿಳಿಸಿದರು. ಅವನು ಹಾಲಿಗೂ ಅಂಥದ್ದೇನೋ ಬರಲಿದೆ ಎಂದು ಹೆದರಿದ. ಶುದ್ಧ ಬಂಗಾರ ಅದೇ ಗಾತ್ರದ ನೀರಿಗಿಂತ 19.3 ಪಟ್ಟು ತೂಗುತ್ತದೆ, ನೀರಿನಲ್ಲಿ ಮುಳುಗಿಸಿ ನೋಡಿದರೆ ಕಲಬೆರಕೆ ಬಯಲಾಗುತ್ತದೆ ಎಂದು ಬಕೆಟ್ ತರಿಸಿದರು. ನಳ ಬಿಟ್ಟರೆ ಬರೀ ಗಾಳಿಯ ಸದ್ದು. ಆರ್ಕಿಮಿಡೀಸ್ ಡೊಂಬಿವಲಿಯಲ್ಲಿ ಹುಟ್ಟಿದ್ದರೆ ಟ್ಯಾಂಕರಿನ ದಾರಿ ಕಾಯುತ್ತ ಟವೆಲ್ಲಿನಲ್ಲೇ ಮುದುಕನಾಗುತ್ತಿದ್ದ.

ತೂಕದ್ದು ಇನ್ನೊಂದು ಫಜೀತಿ. ಅಸಲು ತೊಲ 11.66 ಗ್ರಾಂ, ಮುಂಬಯಿಯ ಸರಾಫರ ಬಾಯಲ್ಲಿ ಅದು 10 ಗ್ರಾಂ. ಎದುರು ಫ್ಲ್ಯಾಟಿನ ಉಡುಪಿಯ ಶೆಟ್ಟರು ಪವನಿನಲ್ಲಿ ಕೇಳುತ್ತಾರೆ, ಅದು 8 ಗ್ರಾಂ. ಮೂರೂ ಲೆಕ್ಕದಲ್ಲಿ ಒಟ್ಟಿಗೆ ದರ ಹೇಳಬೇಕಾಗಿ ಬಂದ ಸಂಜೆ ರಾಯರು ಬಿಪಿ ಗುಳಿಗೆ ತಗೊಂಡು ಮಲಗಿದರು.

ಅಂಗಡಿ ನೋಡಲು ಠಾಣೆಯ ಗೋಖಲೆ ರೋಡಿಗೆ ಹೋದರು. ಬಾಡಿಗೆ ಕೇಳಿ, ಒಂದು ವಡಾಪಾವ್ ತಿಂದು ಬಂದರು. ನೆರೂಳಿನಲ್ಲಿರುವ ಮಗ "ಅಪ್ಪಾ, ಗೋಲ್ಡ್ ಇಟಿಎಫ್ ತಗೋ, ಮನ್ಯಾಗ ಕೂತು" ಎಂದ. "ಕೈಯಾಗ ಹಿಡೀಲಿಕ್ಕೆ ಬರಲಾರದ್ದು ಎಂಥಾ ಬಂಗಾರೋ!" ಎಂದು ಫೋನ್ ಇಟ್ಟರು. ಝವೇರಿ ಬಜಾರಕ್ಕೆ ಹೋಗಿಬಂದ ದಿನ ಮಾತ್ರ ಮುಖ ಅರಳಿತ್ತು. "ಅಲ್ಲೆ ಅಂಗಡಿ ಮುಂದಿನ ಧೂಳಾ ಗುಡಿಸಿ, ಗಟಾರದ ರಾಡಿ ತೊಳದು ಬಂಗಾರ ತಗೀತಾರಪಾ! ಸವದದ್ದೂ ಎಲ್ಲೂ ಹೋಗೂದಿಲ್ಲ ನೋಡು. ಇದು ಲೈನಂದ್ರ ಲೈನು."

ಮೊದಲ ಗಿರಾಕಿ ಸಿಕ್ಕದ್ದು ಕಲ್ಯಾಣ ಸ್ಟೇಷನ್ನಿನ ಸ್ಕೈವಾಕಿನ ಮೇಲೆ. ಹುಡುಗನೊಬ್ಬ ಕೊಂಡಿ ಹರಿದ ಸರ ತೋರಿಸಿ, ತಾಯಿಗೆ ಆರಾಮಿಲ್ಲ, ಅರ್ಧ ದರಕ್ಕೆ ಕೊಡುತ್ತೇನೆ ಎಂದನಂತೆ. ರಾಯರು ಒರೆಗಲ್ಲು ತೆಗೆದೇಬಿಟ್ಟಿದ್ದರು. ಅಷ್ಟರಲ್ಲಿ ವೈನಿಯ ಫೋನು. ವಿಷಯ ಕೇಳಿ ವೈನಿ ಒಂದೇ ಮಾತು ಹೇಳಿದರು: "ಕೊಂಡಿ ತಾನಾಗೇ ಹರದದ್ದೋ, ಕೊಳ್ಳಾಗಿಂದ ಹರದದ್ದೋ, ಮೊದಲ ಅದನ್ನ ಕೇಳ್ರಿ." ಕೇಳಿದ ಕೂಡಲೇ ಹುಡುಗ ಸರ ಕಸಿದುಕೊಂಡು ಮಾಯ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ಹಿಂದೆ ಐಪಿಸಿ 411, 2024ರಿಂದ ಹೊಸ ಸಂಹಿತೆಯ 317 ಎಂದು ವಕೀಲರೊಬ್ಬರಿಂದ ತಿಳಿದ ಮೇಲೆ ರಾಯರು ಬಂದವರ ಹತ್ತಿರ ಪ್ಯಾನು, ಆಧಾರು, ಹಳೇ ಪಾವತಿ ಕೇಳತೊಡಗಿದರು. ಜಾತಕವೊಂದು ಬಾಕಿ. ಬರುತ್ತಿದ್ದ ಇಬ್ಬರು ಗಿರಾಕಿಗಳೂ ನಿಂತರು.

ಕೊನೆಗೆ ವೈನಿಯೇ ಗಿರಾಕಿಯಾದರು. ನಾನು ಚಹಾಕ್ಕೆ ಹೋಗಿದ್ದೆ. ಕೈಯ ಘಟ್ಟಿ ಪಾಟ್ಲಿಗಳನ್ನು ಸಾಬೂನು ಹಚ್ಚಿ ಬಿಡಿಸಿ ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಹುಬ್ಬಳ್ಳಿಯ ಸರಾಫರು ಮದುವೆಯಲ್ಲಿ ಕೊಟ್ಟಿದ್ದ, ಹಳದಿಗಟ್ಟಿದ ಪಾವತಿಯನ್ನೂ ಇಟ್ಟರು.

"ಏನು ಕೊಡ್ತೀರಿ, ಹೇಳ್ರಿ."

ರಾಯರು ಕನ್ನಡಕ ಏರಿಸಿದರು. ಮುಖದ ಮೇಲೆ ಪಕ್ಕಾ ಸರಾಫನ ಕಳೆ. "ಪಾವತಿಯೊಳಗ 40 ಗ್ರಾಂ ಅದ. ತಕ್ಕಡಿ 39.1 ಅಂತದ."

"ಒಂಬೈನೂರು ಮಿಲಿ ಎಲ್ಲೆ ಹೋತು?"

"ಸವೆತ. ಅದಕ್ಕ ರೊಕ್ಕಾ ಇಲ್ಲ. ಲೈನಿನ ನಿಯಮ."

ವೈನಿ ಪಾಟ್ಲಿ ಮತ್ತೆ ಕೈಗೇರಿಸಿಕೊಂಡರು. "ಅದು ಮೂವತ್ತೆಂಟು ವರ್ಷ ನಿಮ್ಮ ಮನೀ ಭಾಂಡೆ ತಿಕ್ಕಿ ಸವದದ್ದು. ಸವದದ್ದು ಎಲ್ಲೂ ಹೋಗೂದಿಲ್ಲ ಅಂತ ನೀವ ಹೇಳಿದ್ರಲ್ಲಾ? ಸಿಂಕಿನ ಕೆಳಗಿನ ಗಟಾರದಾಗ ಅದ. ಅಲ್ಲೆ ಹೋಗಿ ಖರೀದಿ ಮಾಡ್ರಿ."

ರಾಯರು ತಕ್ಕಡಿಯ ಸ್ವಿಚ್ ಆರಿಸಿದರು. ನಾನು ಚಹಾ ಆರಿಸಿಕೊಳ್ಳುವ ನೆಪದಲ್ಲಿ ಬಸಿಯೊಳಗೆ ಮುಖ ಇಟ್ಟೆ.

ಮರುದಿನ ಅವರ ಅಡುಗೆಮನೆಯ ಸಿಂಕಿಗೆ ಸಣ್ಣ ಕಣ್ಣಿನ ಹೊಸ ಜಾಲರಿ ಬಿದ್ದಿತ್ತು. ಅವತ್ತಿನಿಂದ ಭಾಂಡೆಯನ್ನು ರಾಯರೇ ತಿಕ್ಕುತ್ತಾರೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಕೈಗೆ ಸಾಬೂನಿನ ನೊರೆ ಅಂಟಿತ್ತು.

"ಲೈನ್ ಹ್ಯಾಂಗ ನಡದದರಿ?" ಎಂದೆ.

"ಇದ್ದ ಸ್ಟಾಕ್ ಸವೀಲಾರದಂಗ ನೋಡಿಕೊಳ್ಳಾಕತ್ತೀನಪಾ," ಎಂದರು.